ಎರಡನೇ ಕ್ಲಾಸಲ್ಲಿ ಮೊದಲ ಸಲ ಶಾಲೆ ಕಂಡ ಮಕ್ಕಳು: ಗಡಿಯ ಒಂದು ಕನ್ನಡ ಶಾಲೆಯ ಪ್ರಕರಣ

ಇಲ್ಲಿ ಬರೀತಾ ಇರುದು ಒಂದೇ ಒಂದು ಕ್ಲಾಸಿನ ಬಗ್ಗೆ. ಕೊರೊನಾ ಕಾಲದ ಬೀಗ ತೆಗೆದು 2021 ನವೆಂಬರ್ 1ನೇ ತಾರೀಕು ಸೋಮವಾರ ಕೇರಳದಲ್ಲಿ ಶಾಲೆ ಶುರು ಆದಾಗ ನಮ್ಮ ಎರಡನೇ ಕ್ಲಾಸಿಗೆ ಬಂದ ಮಕ್ಕಳು ಇವರು. ರಿಜಿಸ್ಟರಿನಲ್ಲಿ ಎರಡನೇ ಕ್ಲಾಸು, ಆದ್ರೆ ಅವರಲ್ಲಿ ಯಾರೂ ಅದಕ್ಕಿಂತ ಮೊದಲು ನಮ್ಮ ಶಾಲೆಯ ಬೆಂಚಲ್ಲಿ ಕೂತವರಲ್ಲ. ಒಂದನೇ ಕ್ಲಾಸು ಪೂರ್ತಿ ಫೋನು ಮತ್ತು ಟಿವಿಯಲ್ಲಿ ಹೋಗಿತ್ತು, ಎರಡನೇ ಕ್ಲಾಸಿನ ಅರ್ಧವೂ ಹಾಗೇ ಹೋಗಿತ್ತು. ನಾನು ಆ ವರ್ಷ ಅವರ ಕ್ಲಾಸ್ ಟೀಚರ್. ಶಾಲೆ ಮಂಜೇಶ್ವರ ತಾಲೂಕಿನ ಮೂಡು ದಿಕ್ಕಿನಲ್ಲಿ, ವರ್ಕಾಡಿ, ಮೀಂಜ, ಪೈವಳಿಕೆ, ಎಣ್ಮಕಜೆ ಈ ನಾಲ್ಕು ಪಂಚಾಯತಿನಲ್ಲಿ ಒಂದರಲ್ಲಿ, ಕನ್ನಡ ಮಾಧ್ಯಮದ ಏಡೆಡ್ ಯುಪಿ ಶಾಲೆ (ಸರ್ಕಾರದ ಅನುದಾನ ಇರುವ, ಏಳನೇ ಕ್ಲಾಸಿನವರೆಗಿನ ಶಾಲೆ), ತೋಡು ಅಂದ್ರೆ ಸಣ್ಣ ಹೊಳೆ ದಾಟಿದ್ರೆ ಕರ್ನಾಟಕ. ಹೆಸರು ಹೇಳುದಿಲ್ಲ, ಆ ಮಕ್ಕಳು, ಅವರ ಮನೆಯವರು ಎಲ್ಲಾ ಇಲ್ಲೇ ಇದ್ದಾರೆ.

ಇದನ್ನು ಬರೀಲಿಕ್ಕೆ ಕಾರಣ ಉಂಟು. ಶಾಲೆ ಮುಚ್ಚಿದ್ದರಿಂದ ಮಕ್ಕಳು ಹಿಂದೆ ಬಿದ್ರು ಅಂತ ಎಲ್ಲಾ ಕಡೆ ಹೇಳ್ತಾರೆ, ಅದು ಹೌದು. ಅಜೀಂ ಪ್ರೇಮ್‌ಜಿ ಯೂನಿವರ್ಸಿಟಿಯವರು 2021 ಜನವರಿಯಲ್ಲಿ ಐದು ರಾಜ್ಯಗಳಲ್ಲಿ 1,137 ಶಾಲೆಗಳ 16,067 ಮಕ್ಕಳನ್ನು ನೋಡಿ, 2ರಿಂದ 6ನೇ ಕ್ಲಾಸಿನವರಲ್ಲಿ 92% ಮಕ್ಕಳು ಹಿಂದಿನ ವರ್ಷ ಬರ್ತಾ ಇದ್ದ ಭಾಷಾ ಸಾಮರ್ಥ್ಯದಲ್ಲಿ ಒಂದಾದ್ರೂ ಮರ್ತಿದ್ದಾರೆ ಅಂತ ಹೇಳಿದ್ರು. ಆ ಐದರಲ್ಲಿ ಕರ್ನಾಟಕ ಇತ್ತು, ಕೇರಳ ಇರ್ಲಿಲ್ಲ. ಆದ್ರೆ ನಮ್ಮಲ್ಲಿ ಆದದ್ದಕ್ಕೆ ಮರೆವು ಅಂತ ಹೇಳಿದ್ರೆ ಸರಿ ಆಗುದಿಲ್ಲ. ಇವರಿಗೆ ಮರೀಲಿಕ್ಕೆ ಎಂತದೂ ಇರ್ಲಿಲ್ಲ. ನಮ್ಮ ಮಕ್ಕಳಿಗೆ ಕನ್ನಡ ಸಿಕ್ಕುದು ಶಾಲೆಯಲ್ಲಿ ಮಾತ್ರ, ಮನೆಯಲ್ಲಿ ಅಲ್ಲ, ಅಂಗಡಿಯಲ್ಲಿ ಅಲ್ಲ, ಬಸ್ಸಿನ ಬೋರ್ಡಿನಲ್ಲಿ ಕೂಡ ಈಗ ಕಮ್ಮಿ. ಶಾಲೆಗೆ ಬೀಗ ಬಿದ್ರೆ ಅವರಿಗೆ ಪಾಠ ನಿಲ್ಲುದು ಮಾತ್ರ ಅಲ್ಲ, ಆ ಭಾಷೆ ಕಿವಿಗೆ ಬೀಳುದೇ ನಿಲ್ತದೆ. ಶಾಲೆ ಪುನಃ ತೆರೆಯುದು ಹೇಗೆ ಅಂತ ಪ್ಲಾನ್ ಮಾಡಿದ ಯಾವ ಕಾಗದದಲ್ಲೂ ನನಗೆ ಈ ಮಾತು ಕಾಣ್ಲಿಲ್ಲ.

ಕ್ಲಾಸಿನಲ್ಲಿ ಇಪ್ಪತ್ತಕ್ಕಿಂತ ಕಮ್ಮಿ ಮಕ್ಕಳು. ಹೆಚ್ಚಿನವರ ಮನೆಯಲ್ಲಿ ತುಳು, ಐದಾರು ಮನೆಯಲ್ಲಿ ಬ್ಯಾರಿ ಅಥವಾ ಮಲಯಾಳ, ಕೆಲವರದ್ದು ಮರಾಟಿ, ಒಬ್ಬ ಕೊರಗ ಬುಡಕಟ್ಟಿನವರ ಕಾಲನಿಯ ಹುಡುಗ, ಎರಡು ಮನೆ ಹವ್ಯಕರದ್ದು. ಆ ಎರಡು ಮನೆಯವರಿಗೆ ಮಾತ್ರ ಕನ್ನಡ ಹತ್ತಿರ, ಅದು ಕೂಡ ಪುಸ್ತಕದ ಕನ್ನಡ ಅಲ್ಲ. ಅಪ್ಪಂದಿರು ಕೆಂಪುಕಲ್ಲಿನ ಕೋರೆ, ಅಡಿಕೆ ತೋಟದ ಕೆಲಸ, ಗಲ್ಫ್, ಮಂಗಳೂರಿನ ಹೋಟೆಲ್, ಅಮ್ಮಂದಿರು ಬಹಳ ಜನ ಬೀಡಿ ಕಟ್ಟುವವರು. ಮಾಮೂಲಿ ವರ್ಷದಲ್ಲಿ ಜೂನಿನಲ್ಲಿ ಇಂಥ ಮಕ್ಕಳು ಒಂದನೇ ಕ್ಲಾಸಿಗೆ ಬಂದ್ರೆ, ಓಣಂ ರಜೆ ಬರುವಷ್ಟರಲ್ಲಿ "ಟೀಚರೆ ನೀರು ಕುಡೀಲಿಕ್ಕೆ ಹೋಗ್ಲಾ" ಅಂತ ಕನ್ನಡದಲ್ಲೇ ಕೇಳ್ತಾರೆ. ಯಾರೂ ಕೂತು ಹೇಳಿಕೊಟ್ಟದ್ದಲ್ಲ. ದೊಡ್ಡ ಕ್ಲಾಸಿನವರನ್ನು ಕೇಳಿ, ಅಸೆಂಬ್ಲಿಯಲ್ಲಿ ನಿಂತು, ಊಟದ ಸಾಲಿನಲ್ಲಿ ಜಗಳ ಮಾಡಿ ಬರುವ ಕನ್ನಡ ಅದು. ಕಾಗುಣಿತಕ್ಕೆ ಮೊದಲು ಆ ಕನ್ನಡ ಬೇಕು. ಇದು ನಮ್ಮ ಕಡೆಯ ಎಲ್ಲಾ ಒಂದನೇ ಕ್ಲಾಸ್ ಟೀಚರ್‌ಗಳಿಗೆ ಗೊತ್ತಿರುವ ವಿಷಯ, ಎಲ್ಲಿಯೂ ಬರೆದಿಲ್ಲ ಅಷ್ಟೆ.

ಹಿನ್ನೆಲೆ ಸ್ವಲ್ಪ ಹೇಳ್ಬೇಕು. ಕೊರೊನಾ ಅಂದ್ರೆ ನಮಗೆ ದೂರದ ಸುದ್ದಿ ಆಗಿರ್ಲಿಲ್ಲ. ದೇಶದ ಮೊದಲ ಮೂರು ಕೇಸುಗಳೂ ಕೇರಳದ್ದೇ, ಅದರಲ್ಲಿ ಮೂರನೆಯದ್ದು 2020 ಫೆಬ್ರವರಿ 3ಕ್ಕೆ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಗೊತ್ತಾದದ್ದು. ಮಾರ್ಚ್ 10ಕ್ಕೆ ಸರ್ಕಾರ 7ನೇ ಕ್ಲಾಸಿನವರೆಗೆ ರಜೆ ಕೊಟ್ಟಿತು, ಆಗ ನಾವೆಲ್ಲ ಅದು ಬೇಸಗೆ ರಜೆಯ ಜೊತೆ ಸೇರಿ ಹೋಗ್ತದೆ ಅಂತಲೇ ತಿಳ್ಕೊಂಡದ್ದು. ಅದೇ ತಿಂಗಳ ಕೊನೆಗೆ ಕರ್ನಾಟಕದವರು ಗಡಿ ಮುಚ್ಚಿದ್ರು, ಒಳದಾರಿಗಳಿಗೆಲ್ಲ ಟಿಪ್ಪರಿನಲ್ಲಿ ಮಣ್ಣು ತಂದು ಸುರಿದ್ರು. ನಮಗೆ ಆಸ್ಪತ್ರೆ ಅಂದ್ರೆ ಮಂಗಳೂರು, ಗಡಿಯ ತಲಪಾಡಿಯಲ್ಲಿ ಆಂಬುಲೆನ್ಸ್ ಬಿಡದೆ ಜನ ತೀರಿಹೋದದ್ದನ್ನು ಇಲ್ಲಿಯವರು ಯಾರೂ ಮರೀಲಿಕ್ಕಿಲ್ಲ. ಕೇರಳ ಹೈಕೋರ್ಟಿಗೆ, ಅಲ್ಲಿಂದ ಸುಪ್ರೀಂ ಕೋರ್ಟಿಗೆ ಹೋಗಿ ಏಪ್ರಿಲ್‌ನಲ್ಲಿ ರೋಗಿಗಳನ್ನು ಬಿಡುದು ಅಂತ ಆಯ್ತು. ಉಕ್ಕಿನಡ್ಕದಲ್ಲಿ ಮೆಡಿಕಲ್ ಕಾಲೇಜಿಗೆ ಕಟ್ಟಿದ ಕಟ್ಟಡವನ್ನೇ ಗಡಿಬಿಡಿಯಲ್ಲಿ ಕೋವಿಡ್ ಆಸ್ಪತ್ರೆ ಮಾಡಿದ್ದು ಆಗಲೇ. ಇದನ್ನು ಯಾಕೆ ಹೇಳಿದ್ದು ಅಂದ್ರೆ, ಒಂದೂವರೆ ವರ್ಷ ಆದ ಮೇಲೆ ಶಾಲೆ ತೆರೀತೇವೆ ಅಂದಾಗ ನಮ್ಮ ಊರಿನ ಅಪ್ಪ ಅಮ್ಮಂದಿರಿಗೆ ಇದ್ದ ಹೆದರಿಕೆ ರೋಗದ್ದು ಮಾತ್ರ ಅಲ್ಲ, ಹೆಚ್ಚುಕಮ್ಮಿ ಆದ್ರೆ ಕರ್ಕೊಂಡು ಹೋಗುದು ಎಲ್ಲಿಗೆ ಅನ್ನುವ ಹೆದರಿಕೆ ಅದಕ್ಕಿಂತ ದೊಡ್ಡದಿತ್ತು.

2020 ಜೂನ್ 1ಕ್ಕೆ ಕೇರಳ ಸರ್ಕಾರದ ಕೈಟ್ ವಿಕ್ಟರ್ಸ್ ಚಾನೆಲಿನಲ್ಲಿ ಫಸ್ಟ್ ಬೆಲ್ ಅನ್ನುವ ಟಿವಿ ಪಾಠ ಶುರು ಆಯ್ತು. ಕೇರಳ ಅಷ್ಟು ಬೇಗ, ಅಷ್ಟು ವ್ಯವಸ್ಥಿತವಾಗಿ ಟಿವಿಯಲ್ಲಿ ಪಾಠ ತಂದದ್ದು ದೊಡ್ಡ ಕೆಲಸ, ಅದನ್ನು ನಾನು ಮನಸ್ಸು ತುಂಬಿ ಹೇಳ್ತೇನೆ. ಒಂದನೇ ಕ್ಲಾಸಿನ ಮಕ್ಕಳಿಗೆ ಬೆಕ್ಕಿನ ಕತೆ ಹೇಳಿದ ಒಬ್ಬರು ಟೀಚರ್ ರಾಜ್ಯ ಇಡೀ ವೈರಲ್ ಆದ್ರು, ನಮ್ಮ ಮಕ್ಕಳೂ ಆ ಬೆಕ್ಕನ್ನು ನೋಡಿ ನಕ್ಕಿದ್ದಾರೆ. ಆದ್ರೆ ಆ ಬೆಕ್ಕು ಮಾತಾಡಿದ್ದು ಮಲಯಾಳದಲ್ಲಿ. ಕನ್ನಡ ಮಾಧ್ಯಮದ ಪಾಠಗಳನ್ನು ನಮ್ಮ ಜಿಲ್ಲೆಯ ಟೀಚರ್‌ಗಳೇ ಕಷ್ಟಪಟ್ಟು ತಯಾರು ಮಾಡಿದ್ರು, ಅವು ಯೂಟ್ಯೂಬಿನಲ್ಲಿ ಬರ್ತಾ ಇದ್ದವು. ಟಿವಿ ಇರುವ ಮನೆಯಲ್ಲಿ ಮಲಯಾಳ ಸುಲಭಕ್ಕೆ ಸಿಗ್ತದೆ, ಕನ್ನಡಕ್ಕೆ ನೆಟ್ ಬೇಕು, ನೆಟ್ಟಿಗೆ ಗುಡ್ಡೆ ಹತ್ತಬೇಕು. ಮನೆಗೆ ಒಂದು ಫೋನು, ಅದು ಅಪ್ಪನ ಜೊತೆ ಬೆಳಿಗ್ಗೆ ಹೋದ್ರೆ ಬರುದು ರಾತ್ರಿ. ಆಗ ಮಗು ನಿದ್ದೆ.

ಹಾಗಾಗಿ ವಾಟ್ಸಾಪ್ ಗ್ರೂಪ್ ಒಂದೇ ನಮಗೆ ಉಳಿದ ದಾರಿ. ನಾವು ಬರೆದು ಫೋಟೋ ತೆಗೆದು ಹಾಕುದು, ಅವರು ಬರೆದು ಫೋಟೋ ಕಳಿಸುದು. ಬರ್ತಾ ಇದ್ದ ಫೋಟೋಗಳಲ್ಲಿ ಅಕ್ಷರ ಬಹಳ ಚಂದ ಇರ್ತಿತ್ತು. ಒಂದು ಮಗು ಮೊದಲ ಸಲ ಬರೆದ ಅಕ್ಷರ ಹೇಗಿರ್ತದೆ ಅಂತ ವರ್ಷಗಟ್ಟಲೆ ನೋಡಿದವರಿಗೆ ಅದು ಅಕ್ಕನ ಕೈಯೋ ಅಮ್ಮನ ಕೈಯೋ ಅಂತ ನೋಡಿದ ಕೂಡಲೇ ಗೊತ್ತಾಗ್ತದೆ. ಆ ಅಮ್ಮಂದಿರ ಮೇಲೆ ನನಗೆ ಒಂದಿಷ್ಟೂ ಬೇಸರ ಇಲ್ಲ, ದಿನ ಇಡೀ ಬೀಡಿ ಕಟ್ಟಿ ರಾತ್ರಿ ಮಗನ ಪರವಾಗಿ ಒಂದು ಪುಟ ಬರ್ದು ಕಳಿಸಿದ್ದಾರಲ್ಲ, ಶಾಲೆಯ ಜೊತೆ ಸಂಬಂಧ ಕಡೀಬಾರ್ದು ಅಂತ ಮಾಡಿದ್ದದು. ಆದ್ರೆ ಮಗುವಿಗೆ ಎಷ್ಟು ಬರ್ತದೆ ಅಂತ ಆ ಫೋಟೋ ಯಾವತ್ತೂ ಹೇಳುದಿಲ್ಲ.

2021 ಅಕ್ಟೋಬರ್‌ನಲ್ಲಿ ಶಾಲೆ ತೆರೀಲಿಕ್ಕೆ ತಯಾರಿ. ಮಾರ್ಗಸೂಚಿ ಬಂತು: ಮಕ್ಕಳನ್ನು ಸಣ್ಣ ಗುಂಪು ಮಾಡ್ಬೇಕು, ಅದಕ್ಕೆ ಬಯೋ ಬಬಲ್ ಅಂತ ಹೆಸರು, ಮಧ್ಯಾಹ್ನದವರೆಗೆ ಮಾತ್ರ ಕ್ಲಾಸು, ಬ್ಯಾಚ್ ಬ್ಯಾಚ್ ಆಗಿ ಬರುದು, ಮನೆಯವರ ಒಪ್ಪಿಗೆ ಪತ್ರ ಬೇಕು. ಬಾವಿಗೆ ಬ್ಲೀಚಿಂಗ್, ಕಟ್ಟಡದ ಫಿಟ್ನೆಸ್, ಹಂಚಿನ ಮಾಡು ಸೋರುದು ರಿಪೇರಿ, ಅಂಗಳದಲ್ಲಿ ಆಳೆತ್ತರ ಬೆಳೆದ ಹುಲ್ಲು. ಪಿಟಿಎಯವರು (ಅಪ್ಪ ಅಮ್ಮಂದಿರ ಮತ್ತು ಟೀಚರ್‌ಗಳ ಸಂಘ), ಕುಟುಂಬಶ್ರೀ ಅನ್ನುವ ಹೆಂಗಸರ ಸಂಘದ ಅಕ್ಕಂದಿರು, ವಾರ್ಡ್ ಮೆಂಬರ್ ಎಲ್ಲಾ ಸೇರಿ ಆದಿತ್ಯವಾರ ಶ್ರಮದಾನ ಮಾಡಿದ್ರು. ಗೋಡೆಯ ಬಿರುಕು, ನೆಲದ ತೂತು ಒಂದೊಂದನ್ನೂ ಸಿಮೆಂಟ್ ಹಾಕಿ ಮುಚ್ಚಿದ್ರು, 2019ರಲ್ಲಿ ವಯನಾಡಿನಲ್ಲಿ ಕ್ಲಾಸ್ ರೂಮಿನ ಒಳಗೇ ಹಾವು ಕಚ್ಚಿ ಒಂದು ಹುಡುಗಿ ಹೋದದ್ದು ಎಲ್ಲರ ತಲೆಯಲ್ಲಿ ಇತ್ತು. ಈ ಕೆಲಸ ಎಲ್ಲಾ ಚಂದ ಆಯ್ತು, ಅದರ ಬಗ್ಗೆ ಹೆಚ್ಚು ಹೇಳ್ಲಿಕ್ಕಿಲ್ಲ.

ಕಷ್ಟ ಆದದ್ದು ಕ್ಲಾಸ್ ಪಿಟಿಎ ಮೀಟಿಂಗಿನಲ್ಲಿ. ಆಗ ಇನ್ನೂ ಕೇರಳದಲ್ಲಿ ದಿನಕ್ಕೆ ಸಾವಿರಗಟ್ಟಲೆ ಕೇಸು ಬರ್ತಾ ಇತ್ತು.

"ಟೀಚರೆ, ಒಂದೂವರೆ ವರ್ಷ ಹೋಯ್ತು, ಇನ್ನು ನಾಲ್ಕು ತಿಂಗಳಿಗೆ ಕಳಿಸಿ ಎಂತ ಆಗ್ಲಿಕ್ಕುಂಟು, ಬರುವ ಜೂನಿಗೆ ನೋಡುವ" ಅಂದ್ರು ಕೋರೆ ಕೆಲಸದ ಒಬ್ಬರು ಅಪ್ಪ. ಅವರ ಮನೆಯಲ್ಲಿ ಉಬ್ಬಸ ಇರುವ ಅಜ್ಜಿ ಇದ್ರು, ಮಗು ಮಲಗುದೇ ಅಜ್ಜಿಯ ಹತ್ತಿರ.

"ನೀವು ಮನೆಯಲ್ಲಿ ಇರುದಿಲ್ಲ ಅಣ್ಣ, ನಿಮಗೆ ಗೊತ್ತಾಗುದಿಲ್ಲ" ಅಂತ ಹಿಂದಿನ ಬೆಂಚಿನಿಂದ ಒಬ್ಬರು ಅಮ್ಮ. "ನಾನು ಬೀಡಿ ಕಟ್ಟುದಾ, ಇವನ ಹಿಂದೆ ಪುಸ್ತಕ ಹಿಡ್ಕೊಂಡು ಕೂರುದಾ? ನಾನು ಹೇಳಿದ್ರೆ ಇವ ಕೇಳುದೇ ಇಲ್ಲ. ಟೀಚರೆ, ನೀವು ಕರೀರಿ, ನಾನು ಕಳಿಸ್ತೇನೆ."

ಎಚ್‌ಎಂ ಅಂದ್ರೆ ಶಾಲೆಯ ಮುಖ್ಯೋಪಾಧ್ಯಾಯರು ಒಂದೇ ಮಾತು ಹೇಳಿದ್ರು, ಒತ್ತಾಯ ಇಲ್ಲ, ಒಪ್ಪಿಗೆ ಪತ್ರ ಕೊಟ್ಟವರು ಕಳಿಸಿ, ಕೊಡದವರ ಮಕ್ಕಳ ಹೆಸರು ತೆಗೆಯುದಿಲ್ಲ, ಅವರ ಮನೆಗೆ ವಾರಕ್ಕೊಮ್ಮೆ ನಾವೇ ಬರ್ತೇವೆ. ಆ ಕೊನೆಯ ಮಾತು ಕೆಲಸ ಮಾಡ್ತು ಅಂತ ನನ್ನ ಅಭಿಪ್ರಾಯ. ಅಜ್ಜಿ ಇರುವ ಮನೆಯವರು ಕೂಡ ಎರಡನೇ ವಾರಕ್ಕೆ ಪತ್ರ ಕಳಿಸಿದ್ರು.

ಇಲ್ಲಿ ಒಂದು ವಿಷಯ ಸ್ಪಷ್ಟ ಹೇಳ್ತೇನೆ. ಕೇರಳ ಸಣ್ಣವರನ್ನು ಮೊದಲೇ ಕರೆದದ್ದು ಸರಿಯಾದ ತೀರ್ಮಾನ. ನವೆಂಬರ್ 1ಕ್ಕೆ 1ರಿಂದ 7, ಜೊತೆಗೆ 10 ಮತ್ತು 12, ಉಳಿದವರು ಆಮೇಲೆ. ಕರ್ನಾಟಕದಲ್ಲಿ ಇದು ಉಲ್ಟಾ, 9ರಿಂದ 12ಕ್ಕೆ ಆಗಸ್ಟ್ 23ರಿಂದ, 6ರಿಂದ 8ಕ್ಕೆ ಸೆಪ್ಟೆಂಬರ್ 6ರಿಂದ, 1ರಿಂದ 5ರ ಸಣ್ಣ ಮಕ್ಕಳಿಗೆ ಕೊನೆಗೆ ಅಕ್ಟೋಬರ್ 25ರಿಂದ. ಹತ್ತನೇ ಕ್ಲಾಸಿನ ಹುಡುಗ ಪುಸ್ತಕ ಹಿಡ್ಕೊಂಡು ಒಬ್ಬನೇ ಕೂತು ಸ್ವಲ್ಪ ಆದ್ರೂ ಓದ್ಬಹುದು, ಓದ್ಲಿಕ್ಕೇ ಬಾರದ ಮಗು ಎಂತ ಮಾಡ್ಬೇಕು? ಪರೀಕ್ಷೆ ಯಾರಿಗೆ ಉಂಟು ಅಂತ ನೋಡಿ ಶಾಲೆ ತೆಗೆಯುದಕ್ಕಿಂತ ಟೀಚರ್ ಇಲ್ಲದೆ ಯಾರಿಗೆ ಆಗುದೇ ಇಲ್ಲ ಅಂತ ನೋಡಿ ತೆಗೀಬೇಕು.

ಇನ್ನು ಕ್ಲಾಸಿಗೆ ಬರುವ. ಬಂದ ಮೊದಲ ದಿನ ಬಲೂನು, ತೋರಣ, ಪಾಯಸ ಎಲ್ಲಾ ಇತ್ತು, ನವೆಂಬರ್ 1 ಅಂದ್ರೆ ಕೇರಳಕ್ಕೂ ಕರ್ನಾಟಕಕ್ಕೂ ಹುಟ್ಟಿದ ದಿನ, 1956ರಲ್ಲಿ ಕಾಸರಗೋಡು ಕೇರಳಕ್ಕೆ ಸೇರಿದ್ದೂ ಅದೇ ದಿನ, ಹಾಗಾಗಿ ನಮ್ಮ ಶಾಲೆಗಳಲ್ಲಿ ಆ ತಾರೀಕಿಗೆ ಯಾವಾಗಲೂ ಮನಸ್ಸು ಸ್ವಲ್ಪ ಭಾರ. ಮಕ್ಕಳಿಗೆ ಅದೆಲ್ಲ ಇಲ್ಲ. ಅವರಿಗೆ ಮಾಸ್ಕ್ ಎಳೆದು ಎಳೆದು ಸಾಕಾಗಿತ್ತು, ಬೆಂಚು ಎತ್ತರ ಆಗ್ತಿತ್ತು, ಗಂಟೆ ಹೊಡೆದ್ರೆ ಎಂತ ಮಾಡ್ಬೇಕು ಅಂತ ಗೊತ್ತಿರ್ಲಿಲ್ಲ. ನಾನು "ಎಲ್ಲರೂ ಪುಸ್ತಕ ತೆಗೀರಿ" ಅಂದೆ. ಮೂರು ನಾಲ್ಕು ಮಕ್ಕಳು ತೆಗೆದ್ರು, ಉಳಿದವರು ಅವರನ್ನು ನೋಡಿ ತೆಗೆದ್ರು, ಕೆಲವರು ನನ್ನ ಮುಖವನ್ನೇ ನೋಡ್ತಾ ಕೂತ್ರು. ನಾನು ಮಾಸ್ಕ್ ಹಾಕಿದ್ದೇನೆ, ಬಾಯಿ ಆಡುದು ಕೂಡ ಅವರಿಗೆ ಕಾಣುದಿಲ್ಲ. ಒಬ್ಬ ಹುಡುಗ ಎದ್ದು ಬಂದು ತುಳುವಿನಲ್ಲಿ "ಟೀಚರೇ, ಎನ್ನ ಪೆನ್ಸಿಲ್ ತುಂಡಾಂಡ್" ಅಂದ. ಇನ್ನೊಂದು ಹುಡುಗಿ ಮಲಯಾಳ ಕಾರ್ಟೂನಿನ ಮಾತನ್ನು ಹಾಗೇ ಹೇಳ್ತಾ ಇದ್ದಳು. ಆ ವಾರ ನಾನು ಒಬ್ಬೊಬ್ಬರನ್ನೇ ಹತ್ತಿರ ಕೂರಿಸಿ ನೋಡಿದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಅ ಆ ಇ ಈ ಬಾಯಿಪಾಠ ಬರ್ತದೆ, ಅದರಲ್ಲಿ ಯಾವುದಾದ್ರೂ ಒಂದು ಅಕ್ಷರ ನಡುವೆ ಬರೆದು ತೋರಿಸಿದ್ರೆ ಗುರುತು ಸಿಗುದಿಲ್ಲ. ಪೆನ್ಸಿಲ್ ಹಿಡಿಯುದು ಮುಷ್ಟಿಯಲ್ಲಿ. ತಮ್ಮ ಹೆಸರು ಇಂಗ್ಲಿಷಿನಲ್ಲಿ ಬರೆಯುವವರು ಇದ್ರು, ಕನ್ನಡದಲ್ಲಿ ಬರೆಯುವವರು ಬಹಳ ಕಮ್ಮಿ. ಗಣಿತ ಅಷ್ಟು ತೊಂದರೆ ಇರ್ಲಿಲ್ಲ, ಅಂಗಡಿಗೆ ಹೋಗಿ ಬಂದವರಿಗೆ ಲೆಕ್ಕ ಬರ್ತದೆ, ಲೆಕ್ಕದ ಪ್ರಶ್ನೆ ಓದ್ಲಿಕ್ಕೆ ಬರುದಿಲ್ಲ ಅಷ್ಟೆ.

ಎರಡನೇ ಕ್ಲಾಸಿನ ಪುಸ್ತಕದಲ್ಲಿ ಆ ಹೊತ್ತಿಗೆ ಬರುದು ಒಂದು ಪುಟ ಕತೆ, ಅದರಲ್ಲಿ ಒತ್ತಕ್ಷರ ರಾಶಿ. ಮೇಲಿನ ಆಫೀಸಿನಿಂದ ಪೋರ್ಷನ್ ಎಲ್ಲಿಗೆ ಮುಟ್ಟಿತು ಅಂತ ಕೇಳ್ತಾ ಇದ್ರು. ಎಸ್‌ಆರ್‌ಜಿ ಅಂದ್ರೆ ಶಾಲೆಯ ಟೀಚರ್‌ಗಳ ಮೀಟಿಂಗಿನಲ್ಲಿ ನಾವು ಇದನ್ನು ಇಟ್ಟೆವು. ಒಬ್ಬರು ಹಿರಿಯ ಮಾಷ್ಟ್ರು, ಪುಸ್ತಕ ಬಿಟ್ರೆ ಮನೆಯವರು ಕೇಳ್ತಾರೆ, ಇಂಗ್ಲಿಷ್ ಮೀಡಿಯಂಗೆ ಕರ್ಕೊಂಡು ಹೋಗ್ತಾರೆ, ಈಗಲೇ ಮಕ್ಕಳು ಕಮ್ಮಿ, ಡಿವಿಷನ್ ಹೋದ್ರೆ ಟೀಚರ್ ಪೋಸ್ಟ್ ಹೋಗ್ತದೆ ಅಂದ್ರು. ಅವರ ಮಾತು ಸುಳ್ಳಲ್ಲ, ಕನ್ನಡ ಶಾಲೆಯಲ್ಲಿ ಒಂದು ಮಗು ಕಮ್ಮಿ ಆಗುದು ಅಂದ್ರೆ ಅದು ಲೆಕ್ಕದ ವಿಷಯ ಮಾತ್ರ ಅಲ್ಲ. ಆದ್ರೂ ಎಚ್‌ಎಂ ಧೈರ್ಯ ಮಾಡಿದ್ರು: ಕ್ರಿಸ್ಮಸ್ ರಜೆಯವರೆಗೆ ಎರಡನೇ ಕ್ಲಾಸಿಗೆ ಕನ್ನಡ ಪುಸ್ತಕ ಬೇಡ, ಮಾತು ಮೊದಲು, ಅಕ್ಷರ ಆಮೇಲೆ, ಮನೆಯವರಿಗೆ ನಾವೇ ಕರೆದು ಹೇಳುವ. ಈ ಪ್ರಕರಣದಲ್ಲಿ ತಿರುವು ಅಂತ ಒಂದಿದ್ರೆ ಅದು ಈ ತೀರ್ಮಾನ, ಅದನ್ನು ಒಂದು ಏಡೆಡ್ ಶಾಲೆಯ ಎಚ್‌ಎಂ ಒಬ್ಬರೇ ತಲೆ ಮೇಲೆ ಹೊತ್ತುಕೊಳ್ಳುವ ಹಾಗೆ ಬಿಡಬಾರ್ದಿತ್ತು.

ಮಾತು ಅಂದ್ರೆ ಎಂತ ಮಾಡಿದ್ದು? ಬೆಳಿಗ್ಗೆ ಬಂದ ಕೂಡಲೇ ಮಕ್ಕಳು ಅವರ ಮನೆಯ ಮಾತಿನಲ್ಲೇ ನಿನ್ನೆ ಆದದ್ದು ಹೇಳುದು, ನಾನು ಅದನ್ನೇ ಕನ್ನಡದಲ್ಲಿ ತಿರುಗಿ ಹೇಳುದು, ಆಮೇಲೆ ಅವರು ಪುನಃ. ಒಬ್ಬನ ಮನೆಯ ದನ ಕರು ಹಾಕಿತ್ತು, ಆ ಕರುವಿನ ಕತೆ ಹದಿನೈದು ದಿವಸ ನಡೀತು, ಪ್ರತಿ ದಿನ ಒಂದು ಹೊಸ ಸಂಗತಿ, ಕರು ಹಾಲು ಕುಡೀತು, ಕರು ಓಡಿತು, ಕರು ಅಜ್ಜಿಯ ಸೀರೆ ತಿಂದಿತು. ತುಳು ಬರುವವರಿಗೆ ಕನ್ನಡ ಬೇಗ ಹತ್ತಿತು, ವಾಕ್ಯದ ಕಟ್ಟು ಹತ್ತಿರ ಉಂಟಲ್ಲ. ಬ್ಯಾರಿ, ಮಲಯಾಳದ ಮನೆಯವರಿಗೆ ಸ್ವಲ್ಪ ಹೊತ್ತು ಬೇಕಾಯ್ತು, ಆದ್ರೆ ಅವರಿಗೆ ತುಳು ಗೆಳೆಯರಿಂದ ಸಿಕ್ಕಿತು, ತುಳುವಿನಿಂದ ಕನ್ನಡಕ್ಕೆ ಬಂದ್ರು. ಮರಾಟಿ ಮನೆಯ ಒಂದು ಹುಡುಗಿ ಡಿಸೆಂಬರ್‌ವರೆಗೆ ಬಾಯಿ ಬಿಡ್ಲಿಲ್ಲ, ಎಲ್ಲಾ ಅರ್ಥ ಆಗ್ತಿತ್ತು, ಹೇಳಿದ್ದೆಲ್ಲ ಮಾಡ್ತಾ ಇದ್ದಳು. ನಾವು ಒತ್ತಾಯ ಮಾಡ್ಲಿಲ್ಲ. ಅವಳು ಒಂದು ದಿನ ಪಕ್ಕದವಳಿಗೆ "ನಿನ್ನ ಮಾಸ್ಕ್ ಕೆಳಗೆ ಬಿತ್ತು" ಅಂತ ಹೇಳಿದ್ದು ಕೇಳಿ ನಾನು ಸ್ಟಾಫ್ ರೂಮಿಗೆ ಹೋಗಿ ಎಲ್ಲರಿಗೂ ಹೇಳಿದ್ದೇನೆ.

ಈ ಬಯೋ ಬಬಲ್ ಮಾತ್ರ ನಮಗೆ ಅಡ್ಡ ಬಂತು. ಬೇರೆ ಕ್ಲಾಸಿನವರ ಜೊತೆ ಸೇರ್ಬಾರ್ದು, ಅಸೆಂಬ್ಲಿ ಇಲ್ಲ, ಆಟ ಇಲ್ಲ. ರೋಗದ ದೃಷ್ಟಿಯಿಂದ ಅದು ಬೇಕಿತ್ತು, ನಾನು ಬೇಡ ಅಂತ ಹೇಳುದಿಲ್ಲ. ಆದ್ರೆ ನಮ್ಮ ಸಣ್ಣ ಮಕ್ಕಳು ಕನ್ನಡ ಕಲೀತಾ ಇದ್ದದ್ದೇ ದೊಡ್ಡ ಮಕ್ಕಳ ಬಾಯಿಂದ, ಆ ದಾರಿ ಮುಚ್ಚಿತ್ತು. ಹತ್ತು ಮಕ್ಕಳ ನಡುವೆ ಕನ್ನಡ ಬರುವವಳು ನಾನು ಒಬ್ಬಳೇ. ಅದಕ್ಕೆ ನಾವು ಆರನೇ ಕ್ಲಾಸಿನ ನಾಲ್ಕು ಮಕ್ಕಳನ್ನು ವರಾಂಡದಲ್ಲಿ ಕಿಟಕಿಯ ಆಚೆ ನಿಲ್ಲಿಸಿ ಕತೆ ಓದಿಸಿದೆವು, ಒಳಗಿನವರು ಕಿಟಕಿಯಿಂದ ಪ್ರಶ್ನೆ ಕೇಳುದು. ಬಹಳ ಒಳ್ಳೆದಾಯ್ತು. ಆರನೇ ಕ್ಲಾಸಿನವರಿಗೆ ಕೂಡ ಗಟ್ಟಿ ಓದುವ ಅಭ್ಯಾಸ ಹೋಗಿತ್ತು, ಅವರಿಗೂ ಬಂತು.

ಅಕ್ಷರಕ್ಕೆ ದಾರಿ ಸಿಕ್ಕಿದ್ದು ತೋಡಿನ ಆಚೆಯಿಂದ. ಕ್ಲಾಸಿನಲ್ಲಿ ಒಬ್ಬ ಹುಡುಗನ ಮನೆ ಕರ್ನಾಟಕದಲ್ಲಿ, ನಮ್ಮ ಶಾಲೆ ಹತ್ತಿರ ಅಂತ ಇಲ್ಲಿ ಸೇರಿಸಿದ್ದು. ನಾನು ಬೋರ್ಡಿನಲ್ಲಿ ಬೇರೆಯದ್ದಕ್ಕೆ ಬರೆದ "ಅರಸ" ಅಂತ ಇದ್ದದ್ದನ್ನು ಅವ ಓದಿದ. ಎಲ್ಲಿ ಕಲ್ತೆ ಅಂತ ಕೇಳಿದ್ರೆ ಅವನ ಅಮ್ಮ ಕತೆ ಹೇಳಿದ್ರು. 2020 ಆಗಸ್ಟ್‌ನಿಂದ ಕರ್ನಾಟಕದಲ್ಲಿ ವಿದ್ಯಾಗಮ ಅಂತ ಮಾಡಿದ್ರಲ್ಲ, ಟೀಚರ್‌ಗಳೇ ಊರಿಗೆ ಬಂದು ದೇವಸ್ಥಾನದ ಜಗಲಿ, ಮರದಡಿ ಎಲ್ಲಾ ಮಕ್ಕಳನ್ನು ಕೂರಿಸಿ ಪಾಠ ಮಾಡಿದ್ದು, ಅಕ್ಟೋಬರ್‌ನಲ್ಲಿ ಅದು ನಿಂತಿತು. ಅವರ ಮನೆಯ ಹತ್ತಿರದ ಭಜನಾ ಮಂದಿರದಲ್ಲಿ ಅದು ನಡೀತಾ ಇತ್ತು, ಈ ಹುಡುಗ ಚಿಕ್ಕಮ್ಮನ ಮಗಳ ಜೊತೆ ಹೋಗಿ ಕೂತದ್ದು. ಅಲ್ಲಿಯ ಮಾಷ್ಟ್ರು ಇವ ನಮ್ಮ ಶಾಲೆಯವನಲ್ಲ ಅಂತ ಎಬ್ಬಿಸ್ಲಿಲ್ಲ. ಆ ಹುಡುಗಿಯ ನಲಿಕಲಿ ಕಾರ್ಡ್‌ಗಳನ್ನು ಇಟ್ಕೊಂಡು ಇಬ್ಬರೂ ಒಂದು ವರ್ಷ ಆಟ ಆಡಿದ್ದಾರೆ.

ನಲಿಕಲಿ ಅಂದ್ರೆ ಕರ್ನಾಟಕದ ಸರ್ಕಾರಿ ಶಾಲೆಯ ಸಣ್ಣ ಕ್ಲಾಸುಗಳಲ್ಲಿ ಕಾರ್ಡು, ಆಟದ ಮೂಲಕ ಕಲಿಸುವ ಕ್ರಮ, 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಶುರು ಆದದ್ದು, ಅದರಲ್ಲಿ ಅಕ್ಷರ ಅ ಆ ಇ ಈ ಅಂತ ಬರುದಿಲ್ಲ, ರ ಗ ಸ ದ ಅ ಮೊದಲು, ಆಮೇಲೆ ಜ ವ ಮ ಬ ನ. ಐದೇ ಅಕ್ಷರ ಬಂದ್ರೆ ಸರ, ರಸ, ಅರಸ, ಅಗಸ, ದರ ಓದ್ಬಹುದು, ಹತ್ತು ಬಂದ್ರೆ ಮರ, ಜನ, ವನ, ನಗರ, ಬಸವ. ಏಳು ವರ್ಷದ ಮಗುವಿಗೆ ಐವತ್ತು ಅಕ್ಷರ ಮುಗಿಯುವವರೆಗೆ ಒಂದು ಶಬ್ದವೂ ಓದ್ಲಿಕ್ಕೆ ಆಗುದಿಲ್ಲ ಅಂದ್ರೆ ಎಷ್ಟು ಬೇಸರ ಬರ್ತದೆ ಯೋಚಿಸಿ, ಇಲ್ಲಿ ಮೂರನೇ ದಿನಕ್ಕೆ ಓದಿದೆ ಅನ್ನುವ ಖುಷಿ. ನಮ್ಮದು ಬೇರೆ ಪಠ್ಯಕ್ರಮ, ಆದ್ರೂ ಆ ಮಾಷ್ಟ್ರಿಗೆ ಫೋನ್ ಮಾಡಿ ಕೇಳಿದೆವು, ಅವರು ಕಾರ್ಡ್‌ಗಳ ಝೆರಾಕ್ಸ್ ಮಾಡಿ ತೋಡಿನ ಹತ್ತಿರ ತಂದು ಕೊಟ್ರು. ಆಗ ಕೇರಳದಿಂದ ಕರ್ನಾಟಕಕ್ಕೆ ಹೋಗ್ಲಿಕ್ಕೆ ಆರ್‌ಟಿ-ಪಿಸಿಆರ್ ನೆಗೆಟಿವ್ ಸರ್ಟಿಫಿಕೇಟ್ ಕೇಳ್ತಾ ಇದ್ದ ಕಾಲ. ಎರಡು ರಾಜ್ಯದ ಕನ್ನಡ ಟೀಚರ್‌ಗಳು ಸೇರಿ ಒಂದು ದಿನ ಕೂತು ಮಾತಾಡ್ಲಿಕ್ಕೆ ಈಗಲೂ ಒಂದು ವ್ಯವಸ್ಥೆ ಬೇಕು ಅಂತ ನನಗೆ ಬಲವಾಗಿ ಅನ್ನಿಸುದು ಇದರಿಂದ.

ಕ್ರಿಸ್ಮಸ್ ರಜೆ ಮುಗಿದು ಬಂದಾಗ ಕ್ಲಾಸು ಬೇರೆಯೇ ಕ್ಲಾಸ್ ಆಗಿತ್ತು, ಮಕ್ಕಳು ಒಬ್ಬರಿಗೊಬ್ಬರು ಕನ್ನಡದಲ್ಲಿ ಚಾಡಿ ಹೇಳ್ಲಿಕ್ಕೆ ಶುರು ಮಾಡಿದ್ರು. ಆಗಲೇ ಒಮಿಕ್ರಾನ್. 2022 ಜನವರಿ 21ರಿಂದ 1ರಿಂದ 9ರವರೆಗೆ ಪುನಃ ಆನ್‌ಲೈನ್, 10ರಿಂದ 12ಕ್ಕೆ ಮಾತ್ರ ಶಾಲೆ. ನವೆಂಬರ್‌ನಲ್ಲಿ ಸಣ್ಣವರು ಮೊದಲು ಅಂತ ಯೋಚಿಸಿದ ಸರ್ಕಾರವೇ ಜನವರಿಯಲ್ಲಿ ಸಣ್ಣವರನ್ನು ಮೊದಲು ಮನೆಗೆ ಕಳಿಸಿತು. ಕರ್ನಾಟಕದಲ್ಲಿ ಆಗ ಬೆಂಗಳೂರಿನಲ್ಲಿ ಮುಚ್ಚಿ, ಬೇರೆ ಕಡೆ ಅಲ್ಲಲ್ಲಿಯ ಪರಿಸ್ಥಿತಿ ನೋಡಿ ತೀರ್ಮಾನ ಮಾಡಿದ್ದು. ಇಪ್ಪತ್ತು ಮಕ್ಕಳಿಲ್ಲದ ಗುಡ್ಡೆಯ ಮೇಲಿನ ಒಂದು ಕ್ಲಾಸಿಗೂ ಪೇಟೆಯ ಸಾವಿರ ಮಕ್ಕಳ ಶಾಲೆಗೂ ಒಂದೇ ಆರ್ಡರ್ ಯಾಕೆ ಅಂತ ಆಗ ಪಿಟಿಎ ಅಧ್ಯಕ್ಷರು ಕೇಳಿದ ಪ್ರಶ್ನೆ ನ್ಯಾಯವಾದ್ದು.

ಈ ಸಲ ನಾವು ಫೋಟೋ ಬೇಡ ಅಂತ ಹೇಳಿದೆವು. ವಾಯ್ಸ್ ಕಳಿಸಿ. ಸಂಜೆ ನಾನು ಎರಡು ನಿಮಿಷದ ಕತೆ ಗ್ರೂಪಿಗೆ ಹಾಕುದು, ಕೊನೆಗೆ ಒಂದು ಪ್ರಶ್ನೆ, ಮಗು ತನ್ನ ಬಾಯಲ್ಲಿ ಉತ್ತರ ಹೇಳಿ ಕಳಿಸುದು. ಅಪ್ಪನ ಫೋನು ರಾತ್ರಿ ಎಂಟಕ್ಕೆ ಬಂದ್ರೂ ಅರ್ಧ ನಿಮಿಷದ ಕೆಲಸ, ನೆಟ್ ಕಮ್ಮಿ ಇದ್ರೂ ಹೋಗ್ತದೆ. ಅಮ್ಮ ಬರೆದು ಕಳಿಸ್ಬಹುದು, ಮಗುವಿನ ಸ್ವರದಲ್ಲಿ ಮಾತಾಡಿ ಕಳಿಸ್ಲಿಕ್ಕೆ ಆಗುದಿಲ್ಲ. ಕೇಳಿದ್ರೆ ಎಲ್ಲಿ ತಡವರಿಸ್ತಾರೆ, ಎಲ್ಲಿ ಅಮ್ಮ ಹಿಂದಿನಿಂದ ಹೇಳಿಕೊಟ್ರು ಎಲ್ಲಾ ಗೊತ್ತಾಗ್ತದೆ. ಮತ್ತೆ ಒಂದು ಲಾಭ, ಬೇರೆ ಮಕ್ಕಳು ಅದನ್ನು ಕೇಳ್ತಾರೆ, ಅವ ಹಾಗೆ ಹೇಳಿದ ಅಂತ ಇವ ಇನ್ನೂ ಉದ್ದ ಹೇಳ್ತಾನೆ. ಮುಂದೆ ಯಾವತ್ತಾದ್ರೂ ಇಂಥ ಕಾಲ ಬಂದ್ರೆ, ಬೇರೆ ಭಾಷೆ ಮಾತಾಡುವ ಮನೆಯಿಂದ ಬರುವ ಸಣ್ಣ ಮಕ್ಕಳಿಗೆ ಮೊದಲ ದಿನದಿಂದಲೇ ಇದನ್ನು ಮಾಡಿ ಅಂತ ನಾನು ಯಾರಿಗೆ ಬೇಕಾದ್ರೂ ಹೇಳ್ತೇನೆ.

ಫೆಬ್ರವರಿ 14ಕ್ಕೆ ಪುನಃ ಶಾಲೆ, 21ರಿಂದ ಪೂರ್ತಿ ದಿನ, ಬ್ಯಾಚ್ ಇಲ್ಲ, ಎಲ್ಲರೂ ಒಟ್ಟಿಗೆ. ಆ ಒಂದು ತಿಂಗಳಲ್ಲಿ ಮಕ್ಕಳು ಕಲ್ತದ್ದು ಅದಕ್ಕೆ ಮೊದಲಿನ ಎರಡೂವರೆ ತಿಂಗಳಿಗಿಂತ ಹೆಚ್ಚು. ಊಟಕ್ಕೆ ದೊಡ್ಡವರ ಜೊತೆ ಸಾಲು, ಆಟ, ಜಗಳ, ಎಲ್ಲಾ ಪುನಃ ಬಂತಲ್ಲ. ಮಾರ್ಚ್ ಕೊನೆಗೆ ನೋಡಿದಾಗ ಹೆಚ್ಚಿನವರು ಒತ್ತಕ್ಷರ ಇಲ್ಲದ ಸಣ್ಣ ವಾಕ್ಯ ಓದ್ತಾ ಇದ್ರು, ಕಾಗುಣಿತದಲ್ಲಿ ದೀರ್ಘ ತಪ್ಪುದು ಇತ್ತು, ಒತ್ತಕ್ಷರ ಯಾರಿಗೂ ಸರಿ ಬರ್ತಾ ಇರ್ಲಿಲ್ಲ. ಇಬ್ಬರಿಗೆ ಅಕ್ಷರ ಕೂಡ ಪೂರ್ತಿ ಆಗಿರ್ಲಿಲ್ಲ. ಒಬ್ಬಳು ಜೂನಿನಲ್ಲಿ ಟಿಸಿ ತಗೊಂಡು ಇಂಗ್ಲಿಷ್ ಮೀಡಿಯಂಗೆ ಹೋದಳು. ಕೊರಗ ಕಾಲನಿಯ ಹುಡುಗ ಜನವರಿಯಲ್ಲಿ ಬಿಟ್ಟವ ಫೆಬ್ರವರಿಗೆ ಬರ್ಲೇ ಇಲ್ಲ. ಅವರ ಮನೆಯಲ್ಲಿ ಫೋನು ಇರ್ಲಿಲ್ಲ, ವಾಯ್ಸಿನ ಉಪಾಯ ಅವನಿಗೆ ಮುಟ್ಟಲೇ ಇಲ್ಲ. ಕೇರಳದಲ್ಲಿ ಕೊರಗರು ಇರುದೇ ಕಾಸರಗೋಡು ಜಿಲ್ಲೆಯಲ್ಲಿ ಮಾತ್ರ, ಅವರ ಮಕ್ಕಳಿಗೆ ಶಾಲೆ ತಪ್ಪಿದ್ರೆ ಅದನ್ನು ಮೊದಲು ನೋಡಬೇಕಾದವರು ಇಲ್ಲಿಯವರೇ, ಬೇರೆ ಯಾರೂ ಬರುದಿಲ್ಲ. ಎಸ್‌ಟಿ ಪ್ರಮೋಟರ್ (ಬುಡಕಟ್ಟಿನವರಿಗಾಗಿ ಸರ್ಕಾರ ಇಟ್ಟ ಕಾರ್ಯಕರ್ತರು) ಜೊತೆ ಎಚ್‌ಎಂ ಹಲವು ಸಲ ಹೋಗಿ ಮಾತಾಡಿದ್ರು, ಅಜ್ಜನ ಜೊತೆ ಬಳ್ಳಿ ತರ್ಲಿಕ್ಕೆ ಕಾಡಿಗೆ ಹೋಗ್ತಾ ಇದ್ದ, ಬುಟ್ಟಿ ಹೆಣೀಲಿಕ್ಕೆ. ಜೂನ್ 1ಕ್ಕೆ ಬಂದ.

2022-23ನೇ ವರ್ಷವನ್ನು ಕರ್ನಾಟಕದವರು ಕಲಿಕಾ ಚೇತರಿಕೆ ವರ್ಷ ಅಂತ ಮಾಡಿ ಮೇ 16ಕ್ಕೇ ಶಾಲೆ ಶುರು ಮಾಡಿದ್ರು, ಪ್ರತಿ ಕ್ಲಾಸಿಗೆ ಹಿಂದಿನ ವರ್ಷಗಳದ್ದು ಸೇರಿಸಿ ಕಲಿಕಾ ಹಾಳೆ ಕೊಟ್ರು. ನಮ್ಮ ಮಕ್ಕಳಿಗೆ ಸಿಕ್ಕಿದ್ದು ಮಾಮೂಲಿ ಮೂರನೇ ಕ್ಲಾಸು. ಆ ವರ್ಷದ ಅಸರ್ ವರದಿ (ಹಳ್ಳಿ ಮಕ್ಕಳ ಓದು, ಲೆಕ್ಕದ ಸಮೀಕ್ಷೆ) ಪ್ರಕಾರ ದೇಶದ ಹಳ್ಳಿಗಳಲ್ಲಿ ಎರಡನೇ ಕ್ಲಾಸಿನ ಪಾಠ ಓದಬಲ್ಲ ಮೂರನೇ ಕ್ಲಾಸಿನ ಮಕ್ಕಳು 2018ರಲ್ಲಿ 27.3% ಇದ್ದದ್ದು 20.5%ಕ್ಕೆ ಇಳಿದಿತ್ತು. ನಮ್ಮ ಕ್ಲಾಸನ್ನು ಆ ಸಂಖ್ಯೆಯ ಪಕ್ಕದಲ್ಲಿ ಇಡ್ಲಿಕ್ಕೆ ನನಗೆ ಮನಸ್ಸಿಲ್ಲ, ಅಲ್ಲಿ ಕೇಳುದು ಓದ್ಲಿಕ್ಕೆ ಬರ್ತದಾ ಅಂತ, ನಮ್ಮಲ್ಲಿ ಅದಕ್ಕಿಂತ ಮೊದಲಿನ ಪ್ರಶ್ನೆ ಇತ್ತು, ಓದಿದ್ದು ಕಿವಿಗೆ ಕೇಳಿದ್ರೆ ಅರ್ಥ ಆಗ್ತದಾ ಅಂತ. ಮಲಯಾಳ ಮಾಧ್ಯಮದ ಒಂದು ಮಗುವಿಗೆ ಮುಚ್ಚಿದ ಕಾಲದಲ್ಲಿ ಟಿವಿ, ಮನೆ, ಅಂಗಡಿ ಎಲ್ಲಾ ಅದೇ ಭಾಷೆಯಲ್ಲಿ ಇತ್ತು. ಅದೇ ಜಿಲ್ಲೆಯ ಕನ್ನಡ ಮಾಧ್ಯಮದ ಮಗುವಿಗೆ ಎಂತದೂ ಇರ್ಲಿಲ್ಲ. ಇಬ್ಬರಿಗೂ ಒಂದೇ ಪುಸ್ತಕದ ಅನುವಾದ, ಒಂದೇ ಟೈಂಟೇಬಲ್. ಅದೂ ಅಲ್ಲದೆ ಕನ್ನಡ ಶಾಲೆಗೆ ಕನ್ನಡ ಬಾರದ ಟೀಚರನ್ನು ಕಳಿಸುವ ಕೆಲಸ ನಮ್ಮ ಜಿಲ್ಲೆಯಲ್ಲಿ ಆಗ್ತಾ ಬಂದಿದೆ, ಅದಕ್ಕೆ ಎಷ್ಟೋ ಸಲ ಪ್ರತಿಭಟನೆ ಆಗಿದೆ. ಇಂಥ ಒಂದು ವರ್ಷದಲ್ಲಿ ಈ ಎರಡನೇ ಕ್ಲಾಸಿಗೆ ಕನ್ನಡ ಬಾರದವರು ಬಂದಿದ್ರೆ ಎಂತ ಆಗ್ತಿತ್ತು ಅಂತ ನಾನು ಯೋಚಿಸ್ಲಿಕ್ಕೂ ಹೋಗುದಿಲ್ಲ.

ಮೂರನೇ ಕ್ಲಾಸಿಗೆ ಹೋಗುವಾಗ ನಾನು ಆ ಟೀಚರಿಗೆ ಒಂದು ನೋಟ್‌ಬುಕ್ ಕೊಟ್ಟೆ, ಒಂದು ಮಗುವಿಗೆ ಒಂದು ಪುಟ: ಮನೆಯ ಮಾತು ಯಾವುದು, ಕನ್ನಡದಲ್ಲಿ ಎಷ್ಟು ಮಾತಾಡ್ತಾನೆ, ಯಾವ ಅಕ್ಷರದಲ್ಲಿ ತಪ್ಪುತ್ತದೆ, ಫೋನು ಯಾರ ಹತ್ತಿರ, ಮನೆಯಲ್ಲಿ ಓದಿಸುವವರು ಯಾರು. ಮಾರ್ಕಿನ ಪಟ್ಟಿಗಿಂತ ಅದು ಹೆಚ್ಚು ಉಪಯೋಗ ಆಯ್ತು ಅಂತ ಅವರು ಹೇಳಿದ್ದಾರೆ. ಮೂರನೇ ಕ್ಲಾಸಿನಲ್ಲಿ ಓಣಂ ಪರೀಕ್ಷೆಯವರೆಗೆ ಅವರು ಎರಡನೇ ಕ್ಲಾಸಿನ ಪುಸ್ತಕವನ್ನೇ ಓದಿಸಿದ್ರು, ಒತ್ತಕ್ಷರ ಗಟ್ಟಿ ಆದದ್ದು ನಾಲ್ಕನೇ ಕ್ಲಾಸಿನಲ್ಲಿ, ಕೊರಗ ಕಾಲನಿಯ ಹುಡುಗನಿಗೆ ಐದನೇ ಕ್ಲಾಸಿನಲ್ಲಿ. ಆ ನೋಟ್‌ಬುಕ್ ಅವರ ಜೊತೆ ಕ್ಲಾಸಿನಿಂದ ಕ್ಲಾಸಿಗೆ ಹೋಗ್ತಾ ಉಂಟು, ಪ್ರತಿ ವರ್ಷದ ಟೀಚರ್ ಅದರಲ್ಲಿ ಬರೀತಾರೆ, ಈಗ ಒಂದನೇ ಕ್ಲಾಸಿಗೆ ಸೇರುವ ಪ್ರತಿ ಮಗುವಿಗೂ ನಾವು ಅದನ್ನು ಜೂನಿನಲ್ಲೇ ಶುರು ಮಾಡ್ತೇವೆ.